ಮಂಕು ದೀಪದ ವಿಮಾನ

ನಾನು ಮೂವತ್ತು ವರ್ಷ ದುಡಿದ ಕಾರ್ಖಾನೆಯಲ್ಲಿ ಅಪಘಾತವಾದಾಗಲೆಲ್ಲ ತುಂಬಬೇಕಾಗಿದ್ದ ನಮೂನೆಯೊಂದಿತ್ತು. ಅದರ ಕೊನೆಯ ಪುಟದಲ್ಲಿ ‘ಹೊಣೆಗಾರರ ಹೆಸರು’ ಎಂಬ ಅಂಕಣವಿತ್ತು, ಅದಕ್ಕೆ ಬಿಟ್ಟಿದ್ದ ಜಾಗ ಒಂದೇ ಗೆರೆ. ಒಂದು ರಾತ್ರಿ ಪಾಳಿಯಲ್ಲಿ, ಒಂದೇ ಹಳಿಯ ಮೇಲೆ ಓಡಾಡುವ ಎರಡು ಕ್ರೇನ್‌ಗಳು ಒಂದಕ್ಕೊಂದು ಡಿಕ್ಕಿ ಹೊಡೆದವು. ತೂಗಾಡುತ್ತಿದ್ದ ಕಬ್ಬಿಣದ ಹೊರೆ ಹೊಯ್ದಾಡಿ, ಕೆಳಗೆ ನಿಂತಿದ್ದ ಹೆಲ್ಪರ್ ಹುಡುಗನ ಮುಂಗೈ ಮೂಳೆ ಮುರಿಯಿತು. ಬೆಳಿಗ್ಗೆ ನಾನು ಆ ಒಂದು ಗೆರೆಯ ಮೇಲೆ ಎರಡನೆಯ ಕ್ರೇನ್ ನಡೆಸುತ್ತಿದ್ದವನ ಹೆಸರನ್ನು ಬರೆದು, ಕಾರಣದ ಜಾಗದಲ್ಲಿ ‘ಚಾಲಕನ ಅಜಾಗರೂಕತೆ’ ಎಂದು ನಮೂದಿಸಿ ಸಹಿ ಹಾಕಿದೆ. ಅವನು ಮುಂದೆ ನೋಡದೆ ಕ್ರೇನ್ ನಡೆಸಿದ್ದು ನಿಜವೇ ಆಗಿತ್ತು. ಆದರೆ ಎರಡು ಕ್ರೇನ್‌ಗಳು ಹತ್ತಿರ ಬಂದಾಗ ತಾನಾಗಿಯೇ ತಡೆಯಬೇಕಿದ್ದ ಲಿಮಿಟ್ ಸ್ವಿಚ್ ತಿಂಗಳುಗಳಿಂದ ಕೆಟ್ಟಿತ್ತು. ಬಿಡಿಭಾಗ ಬರುವವರೆಗೆ ಅದನ್ನು ಬೈಪಾಸ್ ಮಾಡಿ ಕೆಲಸ ನಡೆಸಬಹುದು ಎಂಬ ಟಿಪ್ಪಣಿಗೆ ಸಹಿ ಹಾಕಿದ್ದವನು ನಾನೇ. ವಿಚಾರಣೆಯ ದಿನ ಆತ ಹೇಳಿದ್ದು ಒಂದೇ ಮಾತು: “ಸಾರ್, ಆ ಮೂಲೇಲಿ ಲೈಟು ಹೋಗಿ ಎಂಟು ದಿನ ಆಗಿತ್ತು, ಬುಕ್ಕಲ್ಲಿ ಬರ್ದಿದ್ದೆ.” ಬುಕ್ಕಿನಲ್ಲಿ ಅದು ಇತ್ತು, ಆದರೂ ಅವನ ಮೂರು ದಿನಗಳ ಸಂಬಳ ಕಡಿತವಾಯಿತು.

ಆ ಗೆರೆ ಮತ್ತೆ ನನ್ನನ್ನು ಕಾಡಲು ಶುರುವಾದದ್ದು 2019ರ ಫೆಬ್ರುವರಿ 19ರಂದು. ಏರೋ ಇಂಡಿಯಾ ಆರಂಭವಾಗುವ ಮುನ್ನಾದಿನ ಅದು. ಯಲಹಂಕದ ನಮ್ಮಂಥವರಿಗೆ ಆ ವಾರಗಳಲ್ಲಿ ಯುದ್ಧವಿಮಾನಗಳ ಸದ್ದು ಹಾಲಿನವನ ಗಂಟೆಯಷ್ಟೇ ರೂಢಿಯಾಗಿರುತ್ತದೆ. ತಾರಸಿಯ ಮೇಲೆ ಬಟ್ಟೆ ಒಣಗಿಸುವವರು ತಲೆ ಎತ್ತಿ ನೋಡಿ ಮತ್ತೆ ಕೆಲಸಕ್ಕೆ ತೊಡಗುತ್ತಾರೆ. ಅಂದು ಅಭ್ಯಾಸ ಹಾರಾಟದಲ್ಲಿದ್ದ, ವಾಯುಪಡೆಯ ವೈಮಾನಿಕ ಕಸರತ್ತಿನ ಸೂರ್ಯಕಿರಣ ತಂಡದ ಎರಡು ಹಾಕ್ ವಿಮಾನಗಳು ಆಕಾಶದಲ್ಲೇ ತಾಗಿ, ಇಸ್ರೋ ಬಡಾವಣೆಯ ಕಡೆಗೆ ಬಿದ್ದವು. ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರಿಕೊಂಡರು, ಇನ್ನಿಬ್ಬರು ಪೈಲಟ್‌ಗಳು ಎಜೆಕ್ಟ್ ಆಗಿ, ಅಂದರೆ ಆಸನ ಸಮೇತ ಹೊರಕ್ಕೆ ಚಿಮ್ಮಿ, ಬದುಕಿದರು. ಆ ತಂಡದ ನೆಲೆ ನಮ್ಮದೇ ಬೀದರ್. ಹೊಗೆ ಇನ್ನೂ ಆರಿರಲಿಲ್ಲ, ಅಷ್ಟರಲ್ಲಿ ರಸ್ತೆಯ ತಿರುವಿನ ಚಹಾದಂಗಡಿಯಲ್ಲಿ ನಿಂತಿದ್ದವರ ಬಾಯಲ್ಲಿ, ಸಂಜೆ ಟಿವಿಯ ಚರ್ಚೆಯಲ್ಲಿ, ರಾತ್ರಿ ವಾಟ್ಸ್ಯಾಪ್ ಗುಂಪುಗಳಲ್ಲಿ ಒಂದೇ ಪ್ರಶ್ನೆ ಓಡಾಡುತ್ತಿತ್ತು: ತಪ್ಪು ಯಾವ ಪೈಲಟ್‌ನದು? ಕೆಲವೇ ಮೀಟರ್ ಅಂತರದಲ್ಲಿ ಹಾರುವ ಆ ಒಂಬತ್ತು ಜನರ ಕೆಲಸ ಎಂಥದೆಂದು ಒಂದು ಕ್ಷಣ ಯೋಚಿಸುವ ಮೊದಲೇ ನಾವೆಲ್ಲರೂ ಆ ಒಂದು ಗೆರೆಯನ್ನು ತುಂಬಲು ಪೆನ್ನು ಹಿಡಿದು ಕುಳಿತಿದ್ದೆವು.

ಅಂದಿನಿಂದ ನಾನು ಸೇನಾ ವಿಮಾನಗಳ ಡಿಕ್ಕಿಗಳ ಬಗ್ಗೆ ಬಹಿರಂಗವಾಗಿರುವ ತನಿಖಾ ವರದಿಗಳನ್ನು ಸಿಕ್ಕಷ್ಟು ಓದುತ್ತಾ ಬಂದಿದ್ದೇನೆ. ನಮ್ಮ ದೇಶದಲ್ಲಿ ವಾಯುಪಡೆಯ ಕೋರ್ಟ್ ಆಫ್ ಎನ್‌ಕ್ವೈರಿ ಎಂಬ ಆಂತರಿಕ ತನಿಖೆಯ ಪೂರ್ಣ ವರದಿ ಸಾಮಾನ್ಯವಾಗಿ ಜನರ ಕೈಗೆ ಬರುವುದಿಲ್ಲ. ಬರುವುದು ಸಂಸತ್ತಿನ ದಾಖಲೆಗಳಲ್ಲಿನ ಕೋಷ್ಟಕ ಮಾತ್ರ. 2024ರ ಡಿಸೆಂಬರ್‌ನಲ್ಲಿ ರಕ್ಷಣಾ ಸ್ಥಾಯಿ ಸಮಿತಿ ಮಂಡಿಸಿದ ವರದಿಯಲ್ಲಿ 2017ರಿಂದ 2022ರವರೆಗಿನ ಯೋಜನಾ ಅವಧಿಯ 34 ಅಪಘಾತಗಳ ಪಟ್ಟಿಯಿತ್ತು. ಅದರಲ್ಲಿ 2021ರ ಡಿಸೆಂಬರ್ 8ರಂದು ಕೂನೂರಿನ ಬಳಿ ಜನರಲ್ ಬಿಪಿನ್ ರಾವತ್ ಅವರಿದ್ದ ಎಂಐ-17 ಹೆಲಿಕಾಪ್ಟರ್ ಪತನದ ಎದುರು ಕಾರಣದ ಜಾಗದಲ್ಲಿ ಇದ್ದದ್ದು ‘ಮಾನವ ದೋಷ, ವಿಮಾನ ಸಿಬ್ಬಂದಿ’ ಎಂಬಷ್ಟೇ ಮಾತು. ಅದು ಡಿಕ್ಕಿಯ ಪ್ರಕರಣವಲ್ಲ ಎಂಬುದು ನನಗೆ ಗೊತ್ತು. ಆದರೆ ಕೋಷ್ಟಕದ ಆ ಮನೆಯನ್ನು ನೋಡಿದಾಗ ನನ್ನ ಕಾರ್ಖಾನೆಯ ನಮೂನೆಯೇ ಕಣ್ಣಿಗೆ ಬಂತು. ತನಿಖೆ ಮಾಡಿದವರು ಎಷ್ಟೋ ಪುಟ ಬರೆದಿರುತ್ತಾರೆ, ಹವಾಮಾನವನ್ನೂ ಮೋಡವನ್ನೂ ದಿಗ್ಭ್ರಮೆಯನ್ನೂ ವಿವರಿಸಿರುತ್ತಾರೆ. ಕೊನೆಗೆ ಉಳಿಯುವುದು ಆ ಒಂದು ಮನೆಯಲ್ಲಿ ಹಿಡಿಸಿದಷ್ಟು ಅಕ್ಷರಗಳು.

‘ಮಾನವ ದೋಷ’ ಎಂಬ ಮಾತು ಸುಳ್ಳಲ್ಲ. ಆಕಾಶದಲ್ಲಿ ಎರಡು ವಿಮಾನಗಳು ತಾಗುವಾಗ ಬಹುಪಾಲು ಸಂದರ್ಭಗಳಲ್ಲಿ ಯಾರದೋ ಕೈ, ಯಾರದೋ ಕಣ್ಣು ತಪ್ಪಿರುತ್ತದೆ. ನನ್ನ ತಕರಾರು ಇರುವುದು ಆ ಮಾತಿನ ಮುಂದೆ ನಾವು ಇಡುವ ಪೂರ್ಣವಿರಾಮದ ಬಗ್ಗೆ. ಇದನ್ನು ವಿವರಿಸಲು ನಾನು ಮತ್ತೆ ಮತ್ತೆ ಹಿಂದಿರುಗುವ ಪ್ರಕರಣವೊಂದಿದೆ.

2018ರ ಡಿಸೆಂಬರ್ 6ರ ನಸುಕಿಗೂ ಮುಂಚೆ, ಜಪಾನಿನ ಇವಾಕುನಿ ನೆಲೆಯಿಂದ ಹೊರಟಿದ್ದ ಅಮೆರಿಕದ ಮರೀನ್ ಕೋರ್‌ನ ಎರಡು ಎಫ್/ಎ-18 ಯುದ್ಧವಿಮಾನಗಳು ಸಮುದ್ರದ ಮೇಲೆ ಕೆಸಿ-130ಜೆ ಎಂಬ ಟ್ಯಾಂಕರ್ ವಿಮಾನದಿಂದ ಇಂಧನ ತುಂಬಿಸಿಕೊಳ್ಳುವ ಅಭ್ಯಾಸದಲ್ಲಿದ್ದವು. ಕತ್ತಲಲ್ಲಿ, ಗಾಳಿಯಲ್ಲಿ ತೇಲುವ ಕೊಳವೆಯ ತುದಿಗೆ ತನ್ನ ವಿಮಾನದ ಮೂತಿಯಲ್ಲಿರುವ ನಳಿಕೆಯನ್ನು ಕೂಡಿಸಿ, ಟ್ಯಾಂಕರ್‌ನ ವೇಗಕ್ಕೆ ತನ್ನ ವೇಗವನ್ನು ಹೊಂದಿಸಿಕೊಂಡು ನಿಮಿಷಗಟ್ಟಲೆ ಅಲುಗಾಡದೆ ಹಾರಬೇಕಾದ ಕೆಲಸ ಅದು. ಅಂದು ಆ ಕಷ್ಟದ ಭಾಗ ಸುಸೂತ್ರವಾಗಿಯೇ ಮುಗಿದಿತ್ತು. ಅಪಘಾತವಾದದ್ದು ಆಮೇಲೆ, ಟ್ಯಾಂಕರ್‌ನಿಂದ ಬೇರ್ಪಟ್ಟು ದೂರ ಸರಿಯುವ ಹೊತ್ತಿನಲ್ಲಿ. ಎರಡನೆಯ ಯುದ್ಧವಿಮಾನ ಟ್ಯಾಂಕರ್‌ನ ಮೇಲೆ ಎಡದಿಂದ ಬಲಕ್ಕೆ ಜಾರುತ್ತಾ ಬಂದು ಡಿಕ್ಕಿ ಹೊಡೆಯಿತು. ಟ್ಯಾಂಕರ್‌ನಲ್ಲಿದ್ದ ಐವರೂ ಯುದ್ಧವಿಮಾನದ ಪೈಲಟ್ಟೂ ಸತ್ತರು. ಹಿಂದಿನ ಆಸನದಲ್ಲಿದ್ದ ಅಧಿಕಾರಿಯೊಬ್ಬರೇ ಸಮುದ್ರದಿಂದ ಜೀವಂತವಾಗಿ ಸಿಕ್ಕರು.

ಮೊದಲ ತನಿಖೆ 2019ರಲ್ಲಿ ಹೊರಬಂತು. ಅದು ಆ ಯುದ್ಧವಿಮಾನಗಳ ಸ್ಕ್ವಾಡ್ರನ್‌ನೊಳಗಿನ, ಅಂದರೆ ತುಕಡಿಯೊಳಗಿನ, ಅಶಿಸ್ತನ್ನೂ ನಿದ್ದೆ ಮಾತ್ರೆಗಳ ಬಳಕೆಯನ್ನೂ ಎತ್ತಿ ತೋರಿಸಿತು. ಸ್ಕ್ವಾಡ್ರನ್‌ನ ನಾಲ್ವರು ಅಧಿಕಾರಿಗಳನ್ನು ಹುದ್ದೆಯಿಂದ ತೆಗೆದುಹಾಕಲಾಯಿತು. ತಲೆದಂಡವಾಯಿತು, ಕಡತ ಮುಚ್ಚಿತು ಎಂದು ಯಾರಾದರೂ ಅಂದುಕೊಳ್ಳಬಹುದಾಗಿತ್ತು. ಆದರೆ ಪ್ರಶ್ನೆಗಳು ನಿಲ್ಲಲಿಲ್ಲ. ಆ ಸ್ಕ್ವಾಡ್ರನ್ ಬಿಡಿಭಾಗಗಳ ಕೊರತೆಯಿಂದಲೂ ಸಾಲದ ತರಬೇತಿಯಿಂದಲೂ ಬಳಲುತ್ತಿತ್ತು ಎಂದೂ, ಈ ಬಗ್ಗೆ ಮೇಲಿನವರಿಗೆ ಎಚ್ಚರಿಕೆಗಳು ಹೋಗಿದ್ದವು ಎಂದೂ ಪ್ರೊಪಬ್ಲಿಕಾ ಎಂಬ ಸುದ್ದಿಸಂಸ್ಥೆ ಆ ವರ್ಷದ ಕೊನೆಯಲ್ಲಿ ದೀರ್ಘವಾಗಿ ಬರೆಯಿತು. ಮರೀನ್ ಕೋರ್ ತಾನೇ ಇನ್ನೊಂದು ಮರುಪರಿಶೀಲನೆಗೆ ಆದೇಶಿಸಿತು. 2020ರಲ್ಲಿ ಹೊರಬಂದ ಆ ಎರಡನೆಯ ವರದಿ, ಮೊದಲ ತನಿಖೆಯಲ್ಲಿ ತಪ್ಪುಗಳಿವೆ ಎಂದು ನೇರವಾಗಿ ಒಪ್ಪಿಕೊಂಡು, ಒಂದಕ್ಕೊಂದು ಹೆಣೆದುಕೊಂಡ ನಾಲ್ಕು ಕಾರಣಗಳನ್ನು ಮುಂದಿಟ್ಟಿತು. ಈ ನಾಲ್ಕನ್ನು ನಿಧಾನವಾಗಿ ನೋಡಬೇಕೆಂದು ನನ್ನ ಕೋರಿಕೆ, ಏಕೆಂದರೆ ನಾನು ಹೇಳಬೇಕೆಂದಿರುವುದೆಲ್ಲ ಇವುಗಳಲ್ಲೇ ಇದೆ.

ಇಂಧನ ತುಂಬಿಸಿಕೊಂಡ ಯುದ್ಧವಿಮಾನಗಳೆರಡೂ ವಾಡಿಕೆಯಂತೆ ಟ್ಯಾಂಕರ್‌ನ ಬಲಗಡೆಗೆ ಸರಿದು ಹೋಗಬೇಕು. ಅಂದು ಮುಂಚೂಣಿಯ ವಿಮಾನದ ಪೈಲಟ್, ಹಾರಾಟಕ್ಕೆ ಮುಂಚಿನ ಸಮಾಲೋಚನೆಯಲ್ಲಿ ಮಾತಾಡಿಕೊಂಡಿರದ, ವಾಡಿಕೆಯದಲ್ಲದ ನಿರ್ಗಮನಕ್ಕೆ ಅನುಮತಿ ಕೇಳಿದರು, ಅನುಮತಿಯೂ ಸಿಕ್ಕಿತು. ಇದರಿಂದಾಗಿ ಎರಡನೆಯ ವಿಮಾನ ಟ್ಯಾಂಕರ್‌ನ ಎಡಗಡೆಯಲ್ಲಿ ಉಳಿಯಿತು. ಅಂದರೆ ತನ್ನ ಮುಂಚೂಣಿಯ ವಿಮಾನಕ್ಕೂ ತನಗೂ ನಡುವೆ ಟ್ಯಾಂಕರ್ ಇರುವಂಥ ಜಾಗದಲ್ಲಿ ಅದು ನಿಂತಿತು. ಇದಾದ ಮೇಲೆ ಮುಂಚೂಣಿಯ ಪೈಲಟ್ ತಮ್ಮ ಹೊರದೀಪಗಳನ್ನು ಪ್ರಖರವಾಗಿ ಬೆಳಗಿಸಿಕೊಂಡರು. ನಿಯಮಕ್ಕೆ ವಿರುದ್ಧವಾದ ಹೊಂದಾಣಿಕೆ ಅದಾಗಿರಲಿಲ್ಲ, ಆದರೆ ಆ ಸಂದರ್ಭಕ್ಕೆ ಅದು ತಕ್ಕುದೂ ಆಗಿರಲಿಲ್ಲ ಎಂದಿದೆ ವರದಿ. ಟ್ಯಾಂಕರ್‌ನ ದೀಪಗಳು ಮಾತ್ರ ಶತ್ರುವಿನ ಕಣ್ಣಿಗೆ ಬೀಳಬಾರದೆಂಬ ಉದ್ದೇಶದ ಮಂಕು ಬೆಳಕಿನಲ್ಲೇ ಉಳಿದವು.

ಈಗ ಎರಡನೆಯ ವಿಮಾನದ ಪೈಲಟ್‌ನ ಜಾಗದಲ್ಲಿ ಕುಳಿತು ನೋಡಿ. ನಡುರಾತ್ರಿ ಕಳೆದಿದೆ, ಕೆಳಗೆ ಕಪ್ಪು ಸಮುದ್ರ, ಮೇಲೆ ಕಪ್ಪು ಆಕಾಶ, ಎರಡರ ನಡುವೆ ಗೆರೆಯಿಲ್ಲ. ನೀವು ಅನುಸರಿಸಬೇಕಾದ ವಿಮಾನ ದೂರದಲ್ಲಿ ಥಳಥಳ ಹೊಳೆಯುತ್ತಿದೆ. ನೀವು ತಪ್ಪಿಸಿಕೊಳ್ಳಬೇಕಾದ ವಿಮಾನ ಹತ್ತಿರದಲ್ಲೇ ಇದ್ದರೂ ಮಂಕಾಗಿದೆ. ಎರಡೂ ನೋಟದ ಒಂದೇ ಕಡೆಗಿವೆ. ಮನುಷ್ಯನ ಕಣ್ಣು ಯಾವುದನ್ನು ಹಿಡಿಯುತ್ತದೆ? ಹೊಳೆಯುವ ದೀಪವನ್ನು. ಆ ಪೈಲಟ್ ಹೊಳೆಯುವ ವಿಮಾನದ ಮೇಲೆ ದೃಷ್ಟಿ ನೆಟ್ಟರು, ಮಂಕು ದೀಪದ ಟ್ಯಾಂಕರ್ ಅವರ ದೃಷ್ಟಿಯಿಂದ ಜಾರಿತು, ಅದಕ್ಕೂ ತಮಗೂ ಇರುವ ಅಂತರದ ಅರಿವು ತಪ್ಪಿತು. ಕೋಷ್ಟಕದ ಮನೆಯಲ್ಲಿ ಬರೆಯಬೇಕಾದರೆ ಇದು ‘ಪೈಲಟ್‌ನ ದೋಷ’. ಆದರೆ ಅವರ ಕಣ್ಣು ಆ ರಾತ್ರಿ ಮಾಡಿದ್ದು ಕಣ್ಣುಗಳು ಎಲ್ಲ ರಾತ್ರಿಗಳಲ್ಲೂ ಮಾಡುವ ಕೆಲಸವನ್ನೇ. ತಪ್ಪು ನಡೆಯುವುದಕ್ಕೆ ಬೇಕಾದ ವೇದಿಕೆಯನ್ನು ಆಗಲೇ ಇತರರು, ಕೆಟ್ಟ ಉದ್ದೇಶವಿಲ್ಲದೆಯೇ, ನಿಯಮದ ಒಳಗಿದ್ದುಕೊಂಡೇ ಕಟ್ಟಿಬಿಟ್ಟಿದ್ದರು. ವಾಡಿಕೆ ಬಿಟ್ಟ ನಿರ್ಗಮನವನ್ನು ಕೇಳಿದವರಿದ್ದರು, ಆಗಲಿ ಎಂದವರಿದ್ದರು, ದೀಪ ಹೆಚ್ಚಿಸಿದವರಿದ್ದರು, ಆ ಸ್ಕ್ವಾಡ್ರನ್‌ಗೆ ಸಾಕಷ್ಟು ತರಬೇತಿಯೂ ಮೇಲ್ವಿಚಾರಣೆಯೂ ಸಿಗುತ್ತಿದೆಯೇ ಎಂದು ನೋಡಬೇಕಾಗಿದ್ದ ಮೇಲಧಿಕಾರಿಗಳಿದ್ದರು. ಆ ಆರು ಸಾವುಗಳ ಭಾರ ಈ ಎಲ್ಲರ ಮೇಲೂ ಬೀಳುತ್ತದೆ, ಸಮನಾಗಿ ಅಲ್ಲದಿದ್ದರೂ.

ನಾನು ಆ ವರದಿಯನ್ನು ಓದುವಾಗ ದೀಪದ ಸಾಲಿಗೆ ಬಂದು ನಿಂತುಬಿಟ್ಟೆ. ನಮ್ಮ ಕಾರ್ಖಾನೆಯ ಮೂಲೆಯಲ್ಲಿ ಎಂಟು ದಿನಗಳಿಂದ ಆರಿದ್ದ ಲೈಟು ಜ್ಞಾಪಕಕ್ಕೆ ಬಂತು.

ಕಣ್ಣಿನ ವಿಷಯವನ್ನು ಇನ್ನೂ ಸ್ವಲ್ಪ ಹೇಳಬೇಕು, ಏಕೆಂದರೆ ‘ನೋಡಿಕೊಂಡು ಹಾರಬಾರದಿತ್ತೇ’ ಎಂಬ ಮಾತು ನೆಲದ ಮೇಲಿರುವ ನಮಗೆ ಬಹಳ ಸುಲಭವಾಗಿ ಬರುತ್ತದೆ. ವೈಮಾನಿಕ ತರಬೇತಿಯಲ್ಲಿ ‘ನೋಡಿ, ತಪ್ಪಿಸು’ ಎಂಬ ತತ್ತ್ವ ಬಹಳ ಹಳೆಯದು. ಆದರೆ ಅದಕ್ಕೆ ಹಿಡಿಯುವ ಹೊತ್ತನ್ನು ಅಮೆರಿಕದ ವೈಮಾನಿಕ ಪ್ರಾಧಿಕಾರ ಪೈಲಟ್‌ಗಳಿಗಾಗಿ ಲೆಕ್ಕ ಹಾಕಿ ಕೊಟ್ಟಿದೆ. ವಸ್ತುವೊಂದು ಕಣ್ಣಿಗೆ ಬೀಳಲು 0.1 ಸೆಕೆಂಡ್, ಅದು ವಿಮಾನವೆಂದು ಗುರುತಿಸಲು 1, ಅದು ಡಿಕ್ಕಿಯ ಹಾದಿಯಲ್ಲಿದೆ ಎಂದು ಅರಿವಾಗಲು 5, ಎತ್ತ ತಿರುಗಬೇಕೆಂದು ನಿರ್ಧರಿಸಲು 4, ಕೈ ಚಲಿಸಲು 0.4, ವಿಮಾನ ಆ ಕೈಗೆ ಓಗೊಡಲು 2. ಒಟ್ಟು 12.5 ಸೆಕೆಂಡ್. ಗಂಟೆಗೆ 800 ಕಿಲೋಮೀಟರ್ ವೇಗದ ಎರಡು ವಿಮಾನಗಳು ಎದುರುಬದುರಾಗಿ ಬಂದರೆ ಅಷ್ಟು ಹೊತ್ತಿನಲ್ಲಿ ಅವುಗಳ ನಡುವಿನ ಐದೂವರೆ ಕಿಲೋಮೀಟರ್ ದೂರ ಕರಗಿಹೋಗುತ್ತದೆ, ಮತ್ತು ಆ ದೂರದಲ್ಲಿ ಯುದ್ಧವಿಮಾನದ ಮೂತಿ ಗಾಜಿನ ಮೇಲಿನ ಧೂಳಿನ ಕಣದಷ್ಟು ಚಿಕ್ಕದು. ಅದರ ಮೇಲೆ, ನೇರವಾಗಿ ಡಿಕ್ಕಿಯ ಹಾದಿಯಲ್ಲಿರುವ ವಿಮಾನ ನಿಮ್ಮ ಗಾಜಿನ ಮೇಲೆ ಅತ್ತಿತ್ತ ಸರಿಯುವುದೇ ಇಲ್ಲ, ಇದ್ದಲ್ಲೇ ಇರುತ್ತದೆ. ನಮ್ಮ ಕಣ್ಣಾದರೋ ಚಲಿಸುವುದನ್ನು ಹಿಡಿಯುವಂತೆ ರೂಪುಗೊಂಡದ್ದು. ಬಹಳ ಹೊತ್ತು ಚುಕ್ಕೆಯಾಗಿಯೇ ಇದ್ದು, ಕೊನೆಯ ಒಂದೆರಡು ಸೆಕೆಂಡ್‌ಗಳಲ್ಲಿ ಆ ವಸ್ತು ಹೂವು ಅರಳಿದಂತೆ ಒಮ್ಮೆಲೇ ದೊಡ್ಡದಾಗುತ್ತದೆ. ಆಗ ಮಾಡಲು ಏನೂ ಉಳಿದಿರುವುದಿಲ್ಲ.

ಹೀಗಿರುವಾಗ ಹೊಣೆಯನ್ನು ಪೂರ್ತಿಯಾಗಿ ಪೈಲಟ್‌ನಿಂದ ತೆಗೆದು ನಿಯಂತ್ರಕರ ಮೇಲೆ ಹಾಕಿಬಿಟ್ಟರೆ ಸರಿಯಾದೀತೇ ಎಂದು ಕೇಳಬಹುದು. 1994ರ ಮಾರ್ಚ್ 23ರಂದು ಅಮೆರಿಕದ ನಾರ್ತ್ ಕ್ಯಾರೊಲಿನಾದ ಪೋಪ್ ವಾಯುನೆಲೆಯಲ್ಲಿ ನಡೆದದ್ದು ಈ ಪ್ರಶ್ನೆಗೆ ಉತ್ತರದಂತಿದೆ. ಎಂಜಿನ್ ನಿಂತುಹೋದಾಗ ಇಳಿಯುವ ಬಗೆಯನ್ನು ಅಭ್ಯಾಸ ಮಾಡುತ್ತಿದ್ದ ಎಫ್-16 ಯುದ್ಧವಿಮಾನವೂ ಸಿ-130 ಸಾಗಣೆ ವಿಮಾನವೂ ಒಂದೇ ರನ್‌ವೇಗೆ ಇಳಿಯಲು ಬರುತ್ತಾ, ನೆಲದಿಂದ ಸುಮಾರು 300 ಅಡಿ ಮೇಲೆ ತಾಗಿದವು. ಸಿ-130 ಗಾಯಗೊಂಡ ಬಾಲದೊಂದಿಗೆ ಸುರಕ್ಷಿತವಾಗಿ ಇಳಿಯಿತು. ಎಫ್-16ರ ಇಬ್ಬರೂ ಎಜೆಕ್ಟ್ ಆದರು. ಆದರೆ ಯಾರೂ ಇಲ್ಲದ ಆ ವಿಮಾನ ಎಂಜಿನ್ ಪೂರ್ಣ ಬಲದಲ್ಲಿ ಉರಿಯುತ್ತಿರುವಾಗಲೇ ನೆಲಕ್ಕೆ ಅಪ್ಪಳಿಸಿ, ನಿಂತಿದ್ದ ಸಿ-141 ವಿಮಾನದ ಇಂಧನ ಟ್ಯಾಂಕಿಗೆ ನುಗ್ಗಿ, ಪಕ್ಕದಲ್ಲಿ ಪ್ಯಾರಾಚೂಟ್ ಜಿಗಿತಕ್ಕೆ ಸಿದ್ಧರಾಗುತ್ತಿದ್ದ ಸೈನಿಕರ ಮೇಲೆ ಬೆಂಕಿಯ ಉಂಡೆಯಾಗಿ ಉರುಳಿತು. 24 ಸೈನಿಕರು ಸತ್ತರು, ಕೊನೆಯವರು ತಿಂಗಳುಗಟ್ಟಲೆ ಸುಟ್ಟ ಗಾಯಗಳೊಂದಿಗೆ ಹೋರಾಡಿದ ಮೇಲೆ. ಮೊದಲ ತನಿಖೆ ಹೊಣೆಯ ದೊಡ್ಡ ಪಾಲನ್ನು ವಾಯುಸಂಚಾರ ನಿಯಂತ್ರಕರ ಮೇಲೆ ಹಾಕಿತು. 1995ರಲ್ಲಿ ಬಂದ ಎರಡನೆಯ ತನಿಖೆ, ಎದುರಿನ ವಿಮಾನವನ್ನು ನೋಡಿ ತಪ್ಪಿಸುವ ಕರ್ತವ್ಯ ಎಫ್-16ರ ಪೈಲಟ್‌ಗಳದೂ ಆಗಿತ್ತು, ಅವರೂ ಪಾಲುದಾರರು ಎಂದಿತು. ಇವಾಕುನಿಯಲ್ಲಿ ಎರಡನೆಯ ತನಿಖೆ ಪೈಲಟ್‌ಗಳ ಭಾರವನ್ನು ಕೊಂಚ ಇಳಿಸಿತು, ಪೋಪ್‌ನಲ್ಲಿ ಏರಿಸಿತು. ಎರಡೂ ನನಗೆ ನ್ಯಾಯವಾಗಿಯೇ ಕಾಣುತ್ತವೆ. ಹೊಣೆ ಹಂಚುವುದೆಂದರೆ ಕೈಕೆಳಗಿನವರನ್ನು ಯಾವಾಗಲೂ ಬಿಟ್ಟುಬಿಡುವುದು ಎಂದು ನಾನು ತಿಳಿದಿಲ್ಲ.

ನಮ್ಮಲ್ಲಿ ಒಂದು ಗಾದೆಯಿದೆ: ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು. ಬದುಕಿಕೊಂಡವನ ನಿಟ್ಟುಸಿರು ಅದು. ಬದುಕಿಕೊಂಡವನಿಗೆ ಅದು ಸಲ್ಲಬೇಕಾದದ್ದೇ. ಆದರೆ ಸಂಸ್ಥೆಯೊಂದು ಅದೇ ನಿಟ್ಟುಸಿರು ಬಿಟ್ಟು ಮುಂದೆ ನಡೆದರೆ, ದೊಣ್ಣೆ ಬೀಸುತ್ತಲೇ ಇರುತ್ತದೆ. ಇವಾಕುನಿಯ ದುರಂತಕ್ಕೆ ಎರಡು ವರ್ಷ ಮುಂಚೆ, 2016ರ ಏಪ್ರಿಲ್‌ನಲ್ಲಿ, ಒಕಿನಾವಾ ಬಳಿ ಇದೇ ಬಗೆಯ ರಾತ್ರಿ ಇಂಧನ ಭರ್ತಿಯ ವೇಳೆ ಇದೇ ಬಗೆಯ ಎರಡು ವಿಮಾನಗಳು ತಾಗಿದ್ದವು. ಎರಡೂ ಸುರಕ್ಷಿತವಾಗಿ ಇಳಿದವು, ಯಾರೂ ಸಾಯಲಿಲ್ಲ. 2018ರಲ್ಲಿ ಆರು ಜನ ಸತ್ತ ಮೇಲೆಯೇ ಆ ಹಳೆಯ ಘಟನೆಗೆ ಸಲ್ಲಬೇಕಾದ ಪೂರ್ಣ ಪ್ರಮಾಣದ ತನಿಖೆ ನಡೆದಿರಲಿಲ್ಲ ಎಂಬುದು ದೊಡ್ಡ ಪ್ರಶ್ನೆಯಾದದ್ದು.

2025ರ ಜನವರಿ 29ರ ರಾತ್ರಿ ವಾಷಿಂಗ್ಟನ್‌ನ ಪೊಟೊಮ್ಯಾಕ್ ನದಿಯ ಮೇಲೆ ಅಮೆರಿಕದ ಸೇನೆಯ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್ ಮತ್ತು ಇಳಿಯುತ್ತಿದ್ದ ಪ್ರಯಾಣಿಕ ವಿಮಾನ ಡಿಕ್ಕಿ ಹೊಡೆದು 67 ಜನ ಸತ್ತಾಗ, ಎಲ್ಲರೂ ಮೊದಲು ಕೇಳಿದ್ದು ಹೆಲಿಕಾಪ್ಟರ್ ಏಕೆ ಮೇಲಕ್ಕೇರಿತ್ತು ಎಂದು. ಆ ಹಾದಿಯಲ್ಲಿ ಹೆಲಿಕಾಪ್ಟರ್‌ಗಳು 200 ಅಡಿಗಿಂತ ಮೇಲೆ ಹಾರಬಾರದಿತ್ತು, ಅದು ಅದಕ್ಕಿಂತ ಮೇಲಿತ್ತು. ಅಲ್ಲಿಗೆ ಮುಗಿಯಿತೇ? ಹೆಲಿಕಾಪ್ಟರ್ 200 ಅಡಿಯಲ್ಲೇ ನದಿಯ ಪೂರ್ವದಂಡೆಯ ಗುಂಟ ಹಾರಿದ್ದರೂ, ಆ ರನ್‌ವೇಗೆ ಇಳಿಯುವ ವಿಮಾನಕ್ಕೂ ಅದಕ್ಕೂ ನಡುವೆ ಉಳಿಯಬಹುದಾಗಿದ್ದ ಅಂತರ 75 ಅಡಿ ಮಾತ್ರ ಎಂದು ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಲೆಕ್ಕ ಕೊಟ್ಟಿತು. ನಕ್ಷೆಯ ಮೇಲೆ ಹಾದಿಗಳನ್ನು ಎಳೆದವರೇ 75 ಅಡಿಯ ಲೆಕ್ಕದಲ್ಲಿ ಎರಡು ವಾಹನಗಳನ್ನು ಒಂದರ ಕೆಳಗೊಂದು ಕಳಿಸುತ್ತಿದ್ದರು. ಅಷ್ಟೇ ಅಲ್ಲ, 2021ರ ಅಕ್ಟೋಬರ್‌ನಿಂದ 2024ರ ಡಿಸೆಂಬರ್‌ವರೆಗೆ ಆ ವಿಮಾನನಿಲ್ದಾಣದ ಬಳಿ ವಿಮಾನ ಮತ್ತು ಹೆಲಿಕಾಪ್ಟರ್ ಅತಿ ಹತ್ತಿರ ಬಂದ 15,214 ಪ್ರಸಂಗಗಳು ದಾಖಲಾಗಿದ್ದವು. ಅವುಗಳಲ್ಲಿ 85ರಲ್ಲಿ ಅಡ್ಡ ಅಂತರ 1,500 ಅಡಿಗಿಂತ ಕಡಿಮೆ, ಲಂಬ ಅಂತರ 200 ಅಡಿಗಿಂತ ಕಡಿಮೆ. ಮಾಹಿತಿ ಕಂಪ್ಯೂಟರಿನಲ್ಲಿ ಇತ್ತು. ನಮ್ಮ ಪಾಳಿ ಬುಕ್ಕಿನಲ್ಲಿ ಲೈಟಿನ ದೂರು ಇದ್ದ ಹಾಗೆ.

ಆ ರಾತ್ರಿ ನಿಯಂತ್ರಕರು ವಿಮಾನದ ಹಿಂದಿನಿಂದ ಹಾದುಹೋಗುವಂತೆ ಹೆಲಿಕಾಪ್ಟರ್‌ಗೆ ಹೇಳಿದ ಮಾತು, ಅದೇ ಕ್ಷಣದಲ್ಲಿ ಹೆಲಿಕಾಪ್ಟರ್‌ನ ಮೈಕಿನ ಗುಂಡಿ ಒತ್ತಿದ್ದರಿಂದ, ಒಳಗಿದ್ದವರಿಗೆ ಕೇಳಿಸದೆ ಹೋಗಿರಬಹುದು ಎಂಬುದೂ ತನಿಖೆಯಲ್ಲಿ ಬಂತು. ಒಂದು ಗುಂಡಿ, ಒಂದು ಸೆಕೆಂಡ್‌ಗೂ ಕಡಿಮೆ ಹೊತ್ತು. ಆ ಬೆರಳಿನ ಹೆಸರನ್ನು ಒಂದೇ ಗೆರೆಯ ಮೇಲೆ ಬರೆಯುವಷ್ಟು ಧೈರ್ಯ ನನಗಂತೂ ಇಲ್ಲ.

ಇನ್ನು ಹಣದ ವಿಷಯ. 2012ರ ಜುಲೈ 3ರಂದು ಸ್ಕಾಟ್ಲೆಂಡಿನ ಮೊರೆ ಫರ್ತ್ ಎಂಬ ಕೊಲ್ಲಿಯ ಮೇಲೆ ಬ್ರಿಟಿಷ್ ವಾಯುಪಡೆಯ ಎರಡು ಟೊರ್ನಾಡೊ ವಿಮಾನಗಳು ತಾಗಿ ಮೂವರು ಸತ್ತರು. ಅಲ್ಲಿನ ಸೇನಾ ವೈಮಾನಿಕ ಪ್ರಾಧಿಕಾರದ ವರದಿ 17 ಪೂರಕ ಕಾರಣಗಳನ್ನು ಪಟ್ಟಿ ಮಾಡಿತು, ಅವುಗಳಲ್ಲೊಂದು ಆ ವಿಮಾನಗಳಲ್ಲಿ ಡಿಕ್ಕಿ ಮುನ್ನೆಚ್ಚರಿಕೆಯ ಸಾಧನ ಇಲ್ಲದಿದ್ದುದು. ಆ ಸಾಧನ ಬೇಕೆಂಬ ಮಾತು 1990ರ ದಶಕದಿಂದಲೇ ಕಡತಗಳಲ್ಲಿ ಓಡಾಡುತ್ತಿತ್ತು. ಬೇಕೆಂದವರು, ಮುಂದಿನ ವರ್ಷ ನೋಡೋಣ ಎಂದವರು, ಖರ್ಚು ಹೆಚ್ಚೆಂದವರು, ಎಲ್ಲರೂ ತಮ್ಮ ತಮ್ಮ ಮೇಜಿನಿಂದ ಸರಿಯಾಗಿಯೇ ಕೆಲಸ ಮಾಡಿದ್ದಿರಬಹುದು. ಲಿಮಿಟ್ ಸ್ವಿಚ್‌ಗೆ ಬೈಪಾಸ್ ಸಹಿ ಹಾಕಿದ ದಿನ ನನ್ನ ಮೇಜಿನ ಮೇಲೂ ಎಲ್ಲವೂ ಸರಿಯಾಗಿಯೇ ಇತ್ತು: ತಿಂಗಳ ಉತ್ಪಾದನೆಯ ಗುರಿ, ಬಿಡಿಭಾಗದ ಆರ್ಡರ್ ಪ್ರತಿ, ಮೇಲಿನವರ ಮೌಖಿಕ ಒಪ್ಪಿಗೆ. ಅಲ್ಲಿ ಕಾಣದೆ ಇದ್ದದ್ದು ಕೆಳಗೆ ನಿಂತಿದ್ದ ಹುಡುಗನ ಕೈ ಮಾತ್ರ.

ಇಷ್ಟು ಹೇಳಿದಾಗ ಸೇನೆಯಲ್ಲಿದ್ದು ಬಂದ ನನ್ನ ಭಾವಮೈದುನ ಒಂದು ಆಕ್ಷೇಪ ಎತ್ತುತ್ತಾರೆ, ಅದನ್ನು ನಾನು ಹಗುರವಾಗಿ ತಳ್ಳಲಾರೆ. “ಭಾವ, ಎಲ್ಲರದೂ ಹೊಣೆ ಅಂದ್ರೆ ಯಾರದೂ ಹೊಣೆ ಅಲ್ಲ ಅಂತ ಆಗೋಗುತ್ತೆ. ಫೌಜಿನಲ್ಲಿ ಹಾಗೆ ನಡೆಯಲ್ಲ, ಒಬ್ಬ ಕೈ ಎತ್ತಿ ನಾನು ಅನ್ನಲೇಬೇಕು” ಎನ್ನುತ್ತಾರೆ ಅವರು. ಅವರ ಮಾತಿನಲ್ಲಿ ಸತ್ಯವಿದೆ. ‘ವ್ಯವಸ್ಥೆಯ ದೋಷ’ ಎಂಬ ಪದವನ್ನು ಕೊಡೆಯಂತೆ ಬಿಚ್ಚಿ ಅದರಡಿ ನಿಲ್ಲುವವರನ್ನು ನಾನೂ ಕಂಡಿದ್ದೇನೆ. ಆದರೆ ಕೈ ಎತ್ತಬೇಕಾದವರು ಯಾರು ಎಂಬುದರಲ್ಲಿ ನಮ್ಮಿಬ್ಬರ ದಾರಿ ಬೇರೆಯಾಗುತ್ತದೆ. ವ್ಯವಸ್ಥೆ ಎಂಬುದು ಗಾಳಿಯಲ್ಲಿ ತೇಲುವ ವಸ್ತುವಲ್ಲ, ಅದು ಸಹಿಗಳಿಂದ ಆದದ್ದು, ಪ್ರತಿ ಸಹಿಯ ಹಿಂದೆ ಹೆಸರೂ ಹುದ್ದೆಯೂ ದಿನಾಂಕವೂ ಇರುತ್ತವೆ. ಹಾಗಾಗಿ ಹೊಣೆಯನ್ನು ಹಂಚುವುದೆಂದರೆ ಹೆಸರುಗಳನ್ನು ಅಳಿಸುವುದು ಎಂದು ನನಗನ್ನಿಸುವುದಿಲ್ಲ. ಆ ಪಟ್ಟಿಗೆ ಇನ್ನಷ್ಟು ಹೆಸರುಗಳನ್ನು ಸೇರಿಸಬೇಕು, ಅಧಿಕಾರ ಹೆಚ್ಚಿದ್ದವರ ಹೆಸರನ್ನು ಮೇಲೆ ಬರೆಯಬೇಕು. ಕಡ್ಡಿ ಹಿಡಿದವನೂ ಸೀಮೆಎಣ್ಣೆ ಚೆಲ್ಲಿ ಒರೆಸದೆ ಹೋದವನೂ ಒಂದೇ ಪಟ್ಟಿಯಲ್ಲಿ ಇರಬೇಕು.

ಶಿಕ್ಷೆಯ ಪ್ರಶ್ನೆಯೂ ಇಲ್ಲೇ ತೊಡಕಾಗುತ್ತದೆ. ಅಮೆರಿಕದ ಸೇನೆಗಳಲ್ಲಿ ದೊಡ್ಡ ಅಪಘಾತವಾದರೆ ಎರಡು ಬಗೆಯ ತನಿಖೆ ನಡೆಯುತ್ತದೆ. ಒಂದು ಕೇವಲ ಸುರಕ್ಷತೆಗಾಗಿ, ಅಲ್ಲಿ ಗೌಪ್ಯತೆಯ ಭರವಸೆಯ ಮೇಲೆ ಕೊಟ್ಟ ಹೇಳಿಕೆಯನ್ನು ಹೇಳಿದವರ ವಿರುದ್ಧ ಶಿಕ್ಷೆಗೆ ಬಳಸುವಂತಿಲ್ಲ. ಇನ್ನೊಂದು ಕಾನೂನು ಮತ್ತು ಶಿಸ್ತುಕ್ರಮಕ್ಕಾಗಿ. ನಾನು ಕಾರ್ಖಾನೆಯಲ್ಲಿ ವಿಚಾರಣೆ ನಡೆಸಿದ ದಿನ ನನ್ನ ಮುಂದೆ ಕೂತ ಆ ಚಾಲಕನಿಗೆ ಇಂಥ ಎರಡು ಬಾಗಿಲುಗಳಿರಲಿಲ್ಲ. ಒಂದೇ ಬಾಗಿಲು, ಅದರಾಚೆ ಸಂಬಳ ಕಡಿತ. ಹಾಗಿರುವಲ್ಲಿ ಯಾರು ತಾನೇ ನಿದ್ದೆ ತೂಗುತ್ತಿತ್ತು ಎಂದೋ, ಆಚೆ ಕ್ರೇನ್ ಇರುವುದು ಮರೆತುಹೋಗಿತ್ತು ಎಂದೋ ಬಾಯಿಬಿಟ್ಟಾರು? ಭಯವಿರುವಲ್ಲಿ ತನಿಖಾಧಿಕಾರಿಗೆ ಸಿಗುವುದು ವಕಾಲತ್ತು, ವೃತ್ತಾಂತವಲ್ಲ. ನಮ್ಮ ಸೇನೆಯ ವರದಿಗಳ ಗೌಪ್ಯತೆಯನ್ನು ನಾನು ಪೂರ್ತಿ ಅಲ್ಲಗಳೆಯುವುದಿಲ್ಲ. ವಿಮಾನಗಳ ಸಾಮರ್ಥ್ಯ, ತರಬೇತಿಯ ರೀತಿ ಇವೆಲ್ಲ ಮುಚ್ಚಿಡಬೇಕಾದವೇ. ಆದರೆ ಯಾವ ಕಾರಣಗಳು ಹೆಣೆದುಕೊಂಡವು, ಮುಂದೆ ಏನು ಬದಲಾಯಿತು ಎಂಬಷ್ಟನ್ನಾದರೂ ಹೇಳಬಹುದು. ಹೇಳಲೇಬೇಕು ಎಂಬುದು ನನ್ನ ನಂಬಿಕೆ.

ಏಕೆಂದರೆ ಕೋಷ್ಟಕದ ಆ ಮನೆಯನ್ನು ಓದುವವರಲ್ಲಿ ಅಧಿಕಾರಿಗಳು ಮಾತ್ರ ಇರುವುದಿಲ್ಲ. 2023ರ ಜನವರಿ 28ರ ಬೆಳಿಗ್ಗೆ ಗ್ವಾಲಿಯರ್‌ನಿಂದ ಹೊರಟಿದ್ದ ಸುಖೋಯ್-30 ಮತ್ತು ಮಿರಾಜ್-2000 ವಿಮಾನಗಳು ಮಧ್ಯಪ್ರದೇಶದ ಮೊರೆನಾ ಬಳಿ ಪತನವಾದವು. ಸುಖೋಯ್‌ನ ಇಬ್ಬರೂ ಎಜೆಕ್ಟ್ ಆಗಿ ಉಳಿದರು. ಮಿರಾಜ್‌ನಲ್ಲಿ ಒಬ್ಬರೇ ಇದ್ದ ವಿಂಗ್ ಕಮಾಂಡರ್ ಹನುಮಂತರಾವ್ ಸಾರಥಿ ಮರಳಲಿಲ್ಲ. ಅವರು ಬೆಳಗಾವಿಯವರು. ಮರುದಿನ ತ್ರಿವರ್ಣ ಧ್ವಜ ಹೊದಿಸಿದ ಪೆಟ್ಟಿಗೆ ಬೆಳಗಾವಿಗೆ ಬಂದ ದೃಶ್ಯವನ್ನು ಟಿವಿಯಲ್ಲಿ ನೋಡುತ್ತಿದ್ದಾಗ, ಪಕ್ಕದಲ್ಲಿ ಕುಳಿತಿದ್ದ ನನ್ನ ಹೆಂಡತಿ ಕೇಳಿದಳು: “ಇವರ ಮನೆಯವರಿಗೆ ನಿಜ ಏನಾಯ್ತು ಅಂತ ಯಾರಾದ್ರೂ ಕೂತು ಹೇಳ್ತಾರಾ?” ನನ್ನ ಬಳಿ ಉತ್ತರವಿರಲಿಲ್ಲ. ಸತ್ತವರು ತಮ್ಮ ಪರ ಮಾತಾಡಲಾರರು. ಡಿಕ್ಕಿಯಲ್ಲಿ ಸತ್ತ ಪೈಲಟ್‌ನ ಹೆಸರಿನ ಮುಂದೆ ‘ದೋಷ’ ಎಂಬ ಪದ ಬಂದರೆ ಅದಕ್ಕೆ ಸಮಜಾಯಿಷಿ ಕೊಡಲು ಅವರಿರುವುದಿಲ್ಲ. ಅದೇ ದೀಪ ಹೊಂದಿಸಿದವರು, ಹಾದಿ ಎಳೆದವರು, ಸಹಿ ಹಾಕಿದವರು ಬದುಕಿರುತ್ತಾರೆ, ಬರೆಯಬಲ್ಲವರಾಗಿರುತ್ತಾರೆ.

ನಿವೃತ್ತಿಯಾಗಿ ನಾಲ್ಕು ವರ್ಷವಾದ ಮೇಲೆ ಆ ಕ್ರೇನ್ ಚಾಲಕನ ಮಗಳ ಮದುವೆಗೆ ನನಗೂ ಲಗ್ನಪತ್ರಿಕೆ ಬಂತು. ನೆಲಮಂಗಲದ ಛತ್ರವೊಂದರಲ್ಲಿ ಊಟವಾದ ಮೇಲೆ, ಎಲೆ ಅಡಿಕೆಯ ತಟ್ಟೆ ಹಿಡಿದುಕೊಂಡು ಬಂದ ಆತ ನನ್ನನ್ನು ಬೀಗರಿಗೆ “ನಮ್ಮ ಸಾಹೇಬ್ರು” ಎಂದು ಪರಿಚಯಿಸಿದ. ಅವರು ಅತ್ತ ಹೋದ ಮೇಲೆ ನಾನು ಬಹಳ ದಿನಗಳಿಂದ ಹೇಳಬೇಕೆಂದಿದ್ದುದನ್ನು ಹೇಳಿದೆ: ಲಿಮಿಟ್ ಸ್ವಿಚ್ ಬೈಪಾಸ್ ಮಾಡಲು ಸಹಿ ಹಾಕಿದ್ದು ನಾನು, ಅದನ್ನು ವರದಿಯಲ್ಲಿ ಬರೆಯದೆ ಬಿಟ್ಟದ್ದೂ ನಾನೇ ಎಂದು. ಆತ ತಟ್ಟೆಯಲ್ಲಿನ ವೀಳ್ಯದೆಲೆಗಳನ್ನು ಒಂದರ ಮೇಲೊಂದು ಸರಿಮಾಡುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದ.

“ಗೊತ್ತಿತ್ತು ಸಾರ್,” ಎಂದ. “ಆ ಕಾಗದಾನ ಕ್ರೇನ್ ಕ್ಯಾಬಿನ್ನಲ್ಲೇ ಅಂಟಿಸಿದ್ರಲ್ಲ. ದಿನಾ ನೋಡ್ತಿದ್ದೆ.”